ನೇರಳೆ ನಿಲುವಂಗಿ ಒಗೆದ ಸೊಸೆ

ಹೂಂಗುಟ್ಟೋರು ಯಾರಿದ್ದೀರಿ ಇವತ್ತು? ಮುಂದೆ ಬಂದು ಕೂತ್ಕೊಳ್ಳಿ. ಹೂಂ ಅನ್ನೋರಿಲ್ಲದಿದ್ದರೆ ನನ್ನ ಕಥೆ ಹೊಸಿಲು ದಾಟಲ್ಲ. ತೂಕಡಿಸೋರು ಹಿಂದಕ್ಕೆ ಹೋಗಿ ಗೋಡೆಗೆ ಒರಗಿಕೊಳ್ಳಿ, ನನಗೇನೂ ಬೇಜಾರಿಲ್ಲ.

ಯಾವ ಕಾಲ ಅಂತ ಕೇಳಬೇಡಿ. ಯಾವ ಊರು ಅಂತಲೂ ಕೇಳಬೇಡಿ. ಮಂಜಿನ ಬೆಟ್ಟಗಳ ಆಚೆ, ಜನ ರೇಷ್ಮೆ ನೂಲುತ್ತಿದ್ದ ಚೀನದ ಕಡೆ, ಒಂದು ದೇಶ ಇತ್ತಂತೆ. ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ನಿಮ್ಮ ನಾಲಿಗೆಗೆ ಸಿಗುತ್ತಿರಲಿಲ್ಲ, ಬಿಡಿ.

ಆ ದೇಶದಲ್ಲಿ ಎಲ್ಲಾ ಇತ್ತು. ಭತ್ತ ಇತ್ತು, ಹೊಳೆ ಇತ್ತು, ರೇಷ್ಮೆ ಇತ್ತು. ಅರಮನೆಯಲ್ಲಿದ್ದವರಿಗೆ ಮಾತ್ರ ಒಂದು ಇರಲಿಲ್ಲ. ಏನು, ಹೇಳಿ ನೋಡೋಣ? ಕಣ್ಣು. ಮುಖದ ಮೇಲೆ ಗುಡ್ಡೆ ಇತ್ತಪ್ಪ, ಅದಲ್ಲ ನಾನು ಹೇಳೋದು. ಎದುರಿಗಿರೋ ಮನುಷ್ಯನನ್ನ ನೋಡೋ ಕಣ್ಣು ಇರಲಿಲ್ಲ. ಅರಮನೆಯೊಳಗೆ ಒಬ್ಬರ ಮುಖ ಒಬ್ಬರು ನೋಡೋ ಹಾಗೇ ಇರಲಿಲ್ಲ. ತಲೆ ತಗ್ಗಿಸಬೇಕು, ಅಂಗಿ ನೋಡಬೇಕು, ಅಂಗಿಯ ಬಣ್ಣ ನೋಡಿ ತಾನು ಬಗ್ಗಬೇಕೋ ಎದುರಿನವನನ್ನ ಬಗ್ಗಿಸಬೇಕೋ ಅಂತ ತೀರ್ಮಾನ ಮಾಡಬೇಕು. ಅದೇ ಅವರ ವಿದ್ಯೆ, ಅದೇ ಅವರ ಬುದ್ಧಿ.

ಬಣ್ಣಗಳ ಕಟ್ಟಳೆ ಹೇಗಿತ್ತು ಕೇಳಿ. ನಾಲ್ಕು ದಿಕ್ಕಿನ ನಡುವೆ ಇರೋದು ಭೂಮಿ, ಭೂಮಿಯ ಬಣ್ಣ ಹಳದಿ, ಆದ್ದರಿಂದ ನಡುವೆ ಕೂರೋ ಚಕ್ರವರ್ತಿಗೆ ಹಳದಿ. ಬೇರೆ ಯಾರಾದರೂ ಹಳದಿ ತೊಟ್ಟರೆ ಕುತ್ತಿಗೆ ಹೋಯಿತು. ದೊಡ್ಡ ಮಂತ್ರಿಗಳಿಗೆ ನೇರಳೆ, ಯಾಕಂದ್ರೆ ಉತ್ತರದ ಆಕಾಶದಲ್ಲಿ ಯಾವುದೋ ನಕ್ಷತ್ರದ ಸುತ್ತ ನೇರಳೆ ಬೆಳಕು ಇದೆಯಂತೆ. ಕಂಡೋರು ಯಾರೂ ಇಲ್ಲ. ಅವರ ಕೆಳಗಿನವರಿಗೆ ಕಡುಗೆಂಪು, ಅವರ ಕೆಳಗೆ ತಿಳಿಗೆಂಪು, ಅದಕ್ಕೂ ಕೆಳಗೆ ಹಸಿರು, ನೀಲಿ. ತಲೆ, ಕೈ, ಕಾಲು ಕಡಿಯೋ ಕೊಡಲಿಯವನಿಗೆ ಕಪ್ಪು, ಅವನ ವಂಶಕ್ಕೆಲ್ಲ ಅದೇ. ಬಿಳಿ ಮಾತ್ರ ಸಾವಿಗೆ. ಸೂರ್ಯ ಮುಳುಗೋ ಪಡುವಣದ ಬಣ್ಣ ಬಿಳಿಯಂತೆ, ಅದಕ್ಕೇ ಸತ್ತವರಿಗೆ ಬಿಳಿಯಂತೆ. ನೀವೆಲ್ಲ ಸೂರ್ಯ ಮುಳುಗೋದು ನೋಡಿದ್ದೀರಲ್ಲ, ಬಿಳಿ ಇರುತ್ತಾ? ಅವರ ಪಂಡಿತರು ಒಂದು ಸಂಜೆಯಾದರೂ ಕಿಟಕಿ ತೆಗೆದು ನೋಡಿರಲಿಲ್ಲ ಅಂತ ಕಾಣುತ್ತೆ. ಅಂತೂ ಅರಮನೆಗೆ ಯಾರಾದರೂ ಬಿಳಿ ತೊಟ್ಟು ಬಂದರು ಅಂದರೆ ಅದಕ್ಕೆ ಅರ್ಥ ಒಂದೇ, ಚಕ್ರವರ್ತಿ ಸತ್ತ.

ಆ ಅರಮನೆಯಲ್ಲಿ ಫಂಗ್ ಅಂತ ಒಬ್ಬ ಮಂತ್ರಿ. ನೇರಳೆ ಸಾಲಿನವನು. ಗಡ್ಡ ಉದ್ದ, ಹೊಟ್ಟೆ ದೊಡ್ಡದು, ಬುದ್ಧಿ ಎಷ್ಟು ಅಂತ ನೀವೇ ನೋಡ್ತೀರಿ. ಅವನ ನೇರಳೆ ನಿಲುವಂಗಿ ಅರಮನೆಯಿಂದ ಕೊಟ್ಟಿದ್ದು, ಒಬ್ಬರಿಗೆ ಒಂದೇ. ಹೊರಗಡೆ ಯಾರಾದರೂ ನೇರಳೆ ಬಣ್ಣ ಹಾಕಿಸಿದರೆ ಅದಕ್ಕೂ ಕುತ್ತಿಗೆಯೇ. ಆ ಬಣ್ಣವೋ, ಮೊದಲು ಕೆಂಪಲ್ಲಿ ಅದ್ದಿ ಆಮೇಲೆ ಮೇಲಿಂದ ನೀಲಿ ಹತ್ತಿಸಿದ್ದು. ನೀರು ಸೋಕಿದರೆ ಬಿಡುತ್ತೆ. ಅದಕ್ಕೇ ಏನು ಮಾಡ್ತಿದ್ರು ಗೊತ್ತಾ ಆ ದೊಡ್ಡ ಮನುಷ್ಯರು? ಒಗೀತಿರಲಿಲ್ಲ. ವರ್ಷಗಟ್ಟಲೆ ಒಗೀತಿರಲಿಲ್ಲ. ಬೆವರು ಇಳಿದರೂ ಒಗೀತಿರಲಿಲ್ಲ, ಸಾರು ಚೆಲ್ಲಿದರೂ ಒಗೀತಿರಲಿಲ್ಲ, ಗಡ್ಡದಿಂದ ಮೀನಿನ ಎಣ್ಣೆ ತೊಟ್ಟಿಕ್ಕಿದರೂ ಒಗೀತಿರಲಿಲ್ಲ. ದೊಡ್ಡಸ್ತಿಕೆ ಹೆಚ್ಚಿದಷ್ಟೂ ನಾತ ಹೆಚ್ಚು. ಸಭೆ ನಡೆಯುವಾಗ ನೊಣಗಳು ಹಸಿರು, ನೀಲಿ ಸಾಲಿನವರ ಹತ್ತಿರ ಸುಳೀತಿರಲಿಲ್ಲವಂತೆ, ಸೀದಾ ನೇರಳೆ ಸಾಲಿಗೇ ಹೋಗ್ತಿದ್ದವಂತೆ.

ಈ ಫಂಗ್ ಮಂತ್ರಿಯ ಮನೆಗೆ ಒಬ್ಬಳು ಸೊಸೆ ಬಂದಳು. ಸುಯಿನ್ ಅಂತ ಹೆಸರು. ಹೊಳೆ ದಂಡೆಯ ಹಳ್ಳಿಯವಳು. ದಿನಾ ಮುಳುಗಿ ಏಳೋ ಜನ ಅವರು, ಕೊಳೆ ಕಂಡರೆ ಸುಮ್ಮನಿರೋರಲ್ಲ. ಗಂಡ ಎಲ್ಲಿ ಅಂತೀರಾ? ಅವನನ್ನ ದೂರದ ಗಡಿಗೆ ಹಸಿರು ಅಂಗಿ ಕೊಟ್ಟು ಕಳಿಸಿದ್ರು. ಅವನು ಈ ಕಥೇಲಿ ಬರಲ್ಲ. ಬಂದಿದ್ದರೂ ಅಪ್ಪನ ಹಿಂದೆ ನಿಂತು ಗಂಟಲು ಸರಿಮಾಡಿಕೊಳ್ತಿದ್ದ, ಅಷ್ಟೇ. ಹುಡುಗಿ ಬಸುರಿ. ಮಾವನ ಅಂಗಿಯ ವಾಸನೆಗೆ ಅವಳಿಗೆ ಊಟ ಸೇರ್ತಿರಲಿಲ್ಲ, ಬಡಿಸೋಕೆ ಹೋದರೆ ಹೊಟ್ಟೆ ತೊಳಸಿ ಬರ್ತಿತ್ತು.

ಒಂದು ದಿನ ಮಾವ ನಿಲುವಂಗಿ ಗೂಟಕ್ಕೆ ಹಾಕಿ ಮಲಗಿದ. ಅತ್ತೆ ಪಕ್ಕದ ಮನೆಗೆ ಹೋಗಿದ್ದಳು. ಸುಯಿನ್ ನೋಡಿದಳು. ಅಯ್ಯೋ ಪಾಪ, ಇಷ್ಟು ದೊಡ್ಡ ಮನುಷ್ಯರ ಅಂಗಿ ಹೀಗಿದೆಯಲ್ಲ, ಅತ್ತೆಗೆ ಕೈಲಾಗದೆ ಬಿಟ್ಟಿರಬೇಕು, ನಾನೇ ಒಗೆದು ಹಾಕಿದರೆ ಸಂತೋಷಪಡ್ತಾರೆ ಅಂದ್ಕೊಂಡಳು. ಒಳ್ಳೇ ಮನಸ್ಸಿಂದ ಅಂದ್ಕೊಂಡಳು ಕಣ್ರಪ್ಪಾ. ಅಂಗಳದ ತೊಟ್ಟೀಲಿ ನೆನೆಹಾಕಿದಳು, ಉಜ್ಜಿದಳು, ಜಾಲಿಸಿದಳು. ನೀಲಿ ಎಲ್ಲಾ ನೀರಲ್ಲಿ ಇಳಿದುಹೋಯ್ತು. ಹಿಂಡಿ ಬಿಡಿಸಿ ನೋಡ್ತಾಳೆ, ನೇರಳೆ ಅಂಗಿ ಕಡುಗೆಂಪಾಗಿ ಕೂತಿದೆ.

ಮಾವ ಎದ್ದು ಬಂದ. ನೋಡಿದ. ಅವನ ಬಾಯಿಂದ ಮಾತೇ ಹೊರಡಲಿಲ್ಲ. ಅತ್ತೆ ಬಂದಳು, ಅವಳ ಬಾಯಿಂದ ಬೇಕಾದಷ್ಟು ಹೊರಟಿತು. ಪದವಿಯ ಅಂಗಿ ಕೆಡಿಸಿದವರಿಗೆ ಆ ದೇಶದಲ್ಲಿ ಏನು ಶಿಕ್ಷೆ ಗೊತ್ತಾ? ಎರಡೂ ಕೈ ಮಣಿಕಟ್ಟಿನವರೆಗೆ ಕತ್ತರಿಸೋದು. ಅದನ್ನ ಕೇಳಿ ಸುಯಿನ್ ಎರಡೂ ಕೈಯನ್ನ ಹೊಟ್ಟೆ ಮೇಲೆ ಇಟ್ಕೊಂಡಳು. ಅವಳಿಗೆ ತನ್ನ ಚಿಂತೆ ಅಲ್ಲ. ಕೈಯಿಲ್ಲದೆ ಹುಟ್ಟೋ ಮಗೂನ ಹೇಗೆ ಎತ್ತಿಕೊಳ್ಳೋದು, ಹೇಗೆ ಎದೆಗೆ ಹಾಕಿಕೊಳ್ಳೋದು ಅಂತ ಅವಳ ಸಂಕಟ.

ಮಾವನ ಸಂಕಟ ಬೇರೆ. ಬೆಳಗ್ಗೆ ಸಭೆಗೆ ಹೋಗದಿದ್ದರೆ ತಲೆ ಹೋಗುತ್ತೆ. ಕೆಂಪು ಅಂಗಿಯನ್ನೇ ತೊಟ್ಟು ಹೋದ. ಬಾಗಿಲಲ್ಲಿದ್ದವನು ಅಂಗಿ ನೋಡಿ ಕೆಂಪು ಸಾಲಿಗೆ ತಳ್ಳಿದ. ಚಕ್ರವರ್ತಿ ಸಿಂಹಾಸನದಿಂದ ಫಂಗ್ ಎಲ್ಲಿ ಅಂತ ಕೇಳಿದನಂತೆ. ಇಲ್ಲೇ ಇದ್ದೀನಿ ಪ್ರಭು ಅಂತ ಇವನು ಕೆಂಪು ಸಾಲಿಂದ ಕೂಗಿದ. ಪಕ್ಕದವನು, ಎಷ್ಟೋ ವರ್ಷ ಇವನ ಮನೇಲಿ ಉಂಡವನು, ಮೊಣಕೈಯಿಂದ ತಿವಿದು ಹೇಳಿದನಂತೆ, "ಸುಮ್ನಿರಯ್ಯಾ, ಫಂಗ್ ಮಂತ್ರಿಗಳದು ನೇರಳೆ. ಹೊಸಬನಾ ನೀನು?"

ಫಂಗ್ ಮನೆಗೆ ಬಂದು ಸೊಸೆಯನ್ನ ಕರೆದ. ಯೋಚನೆ ಮಾಡಿ ಮಾಡಿ ಅವನಿಗೊಂದು ಜ್ಞಾನೋದಯ ಆಗಿತ್ತು. ನೇರಳೆಯ ಕೆಳಗೆ ಕೆಂಪು ಇತ್ತು ತಾನೇ? ಹಾಗಾದರೆ ಕೆಂಪಿನ ಕೆಳಗೆ ನೇರಳೆ ಇರಲೇಬೇಕು. ಇನ್ನೊಂದು ಸಲ ಒಗಿ ಅಂದ. ಸುಯಿನ್ ಕೈ ಮುಗಿದು ಹೇಳಿದಳು, ಮಾವಾ, ಬೇಡ, ಒಗೆದರೆ ಇರೋದೂ ಹೋಗುತ್ತೆ ಅಂತ. ಹೆಂಗಸಿಗೇನು ಗೊತ್ತು ಅಂದ. ಅವನು ಹುಟ್ಟಿದಾಗಿನಿಂದ ಒಂದು ಕರವಸ್ತ್ರ ಒಗೆದವನಲ್ಲ, ಅವನಿಗೆ ಗೊತ್ತಂತೆ! ಒಗೆದಳು. ಕಡುಗೆಂಪು ಹೋಗಿ ತಿಳಿಗೆಂಪಾಯ್ತು. ಮಾರನೇ ದಿನ ತಿಳಿಗೆಂಪು ಸಾಲಿಗೆ, ಚಪ್ಪಲಿ ಬಿಡೋ ಜಾಗದ ಹತ್ತಿರಕ್ಕೆ ತಳ್ಳಿದ್ರು. ಸಾಯಂಕಾಲ ಬಂದು ಮತ್ತೆ ಒಗಿ ಅಂದ. ಸುಯಿನ್ ಮತ್ತೆ ಬೇಡ ಅಂದಳು. ಅವನಿಗೆ ತಾಳ್ಮೆ ಎಲ್ಲಿತ್ತು? ತಾನೇ ಅಂಗಿ ಕಿತ್ತುಕೊಂಡು, ಅಗಸರು ಕೊಳೆ ತೆಗೆಯೋಕೆ ಬಳಸೋ ಚೌಳುಮಣ್ಣು ಸುರಿದು ಹಂಡೆಯಲ್ಲಿ ಹಾಕಿ ಕುದಿಸಿದ. ಮುಚ್ಚಳ ತೆಗೆದಾಗ ಅಂಗಿ ಹಾಲಿನಷ್ಟು ಬೆಳ್ಳಗಿತ್ತು.

ಈಗ ನೀವಾಗಿದ್ದರೆ ಏನು ಮಾಡ್ತಿದ್ರಿ? ಊರು ಬಿಡ್ತಿದ್ರಿ, ಇಲ್ಲಾ ತಪ್ಪಾಯ್ತು ಅಂತಿದ್ರಿ. ಫಂಗ್ ದೊಡ್ಡ ಮನುಷ್ಯ ಅಲ್ವಾ, ಎರಡನ್ನೂ ಮಾಡಲಿಲ್ಲ. ಬಿಳಿ ಅನ್ನೋದು ನೋಡೋರ ಕಣ್ಣಿಗೆ, ಇದು ನೇರಳೆ ಅಂತ ನಾನು ಹೇಳಿದರೆ ಎದುರಾಡೋರು ಯಾರು ಅಂದ್ಕೊಂಡ. ಅಕಸ್ಮಾತ್ ಎದುರಾಡಿದರೆ ತಪ್ಪು ಇವರದು ಅಂತ ಹಿಡಿದು ಒಪ್ಪಿಸೋಕೆ ಒಬ್ಬರು ಬೇಕಲ್ಲ, ಅದಕ್ಕೆ ಬಸುರಿ ಸೊಸೆಯ ಕೈಗೆ ಹಗ್ಗ ಕಟ್ಟಿ ಜೊತೆಗೆ ಎಳಕೊಂಡು ಹೊರಟ. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. ಮಳೆ ಬರೋ ಹಾಗಿದೆ, ಅಂಗಿ ನೆನೆಸ್ಕೋಬೇಡಿ ಅಂದಳಂತೆ ಗಂಡನಿಗೆ. ಸೊಸೆಗೆ ಒಂದು ಮಾತು ಆಡಲಿಲ್ಲ. ಥೂ ಅವಳ ಮುಖಕ್ಕೆ.

ಅರಮನೆ ಬಾಗಿಲಿಗೆ ಬಂದರು. ಬಾಗಿಲವನು ತಲೆ ತಗ್ಗಿಸಿ ಅಂಗಿ ನೋಡಿದ. ಹೊಲಿಗೆ ಮಂತ್ರಿಯ ಅಂಗಿಯದು, ಬಣ್ಣ ಬಿಳಿ. ಅವನ ಕೈಲಿದ್ದ ಈಟಿ ಬಿತ್ತು. ಚಕ್ರವರ್ತಿ ಹೋದರು ಅಂತ ಎದೆ ಬಡಕೊಂಡು ಅಳೋಕೆ ಶುರುಮಾಡಿದ. ಅದನ್ನ ಕೇಳಿ ಎರಡನೇ ಬಾಗಿಲವನು ಅತ್ತ. ಅದನ್ನ ಕೇಳಿ ಮೂರನೇ ಬಾಗಿಲವನು ಅತ್ತ. ಅವರಲ್ಲಿ ಒಬ್ಬನಾದರೂ ಒಳಗೆ ಹೋಗಿ, ಸ್ವಾಮಿ, ನೀವು ಸತ್ತಿದ್ದು ನಿಜವೇ ಅಂತ ಕೇಳಿದನಾ? ಊಹೂಂ. ಬಿಳಿ ಬಂದ ಮೇಲೆ ಕೇಳೋದು ಏನಿದೆ? ಸಾವಿನ ನಗಾರಿ ಬಾರಿಸಿಯೇ ಬಿಟ್ಟರು.

ನಗಾರಿ ಬಿದ್ದ ಮೇಲೆ ಬಣ್ಣದ ಅಂಗಿ ಮೈಮೇಲೆ ಇರೋ ಹಾಗಿಲ್ಲ. ಮಂತ್ರಿಗಳಿಂದ ಹಿಡಿದು ಅಡುಗೆಯವನು, ಕೊಡಲಿಯವನವರೆಗೆ ಎಲ್ಲರೂ ಬಟ್ಟೆ ಕೋಣೆಗೆ ನುಗ್ಗಿ ನೇರಳೆ, ಕೆಂಪು, ಹಸಿರು ಎಲ್ಲ ಗೂಟಕ್ಕೆ ಹಾಕಿದ್ರು, ಬಿಳಿ ತೊಟ್ಟು ಬಂದ್ರು. ಇಲ್ಲೊಂದು ಮಾತು ಗಮನವಿಟ್ಟು ಕೇಳಿ. ಅಷ್ಟು ಜನಕ್ಕೂ ಬಿಳಿ ಅಂಗಿ ಎಲ್ಲಿಂದ ಬಂತು? ಒಬ್ಬೊಬ್ಬರೂ ಮುಂಚೇನೇ ಹೊಲಿಸಿ, ಅಲ್ಲೇ ಪೆಟ್ಟಿಗೇಲಿ ಮಡಿಸಿ ಇಟ್ಟಿದ್ರು. ಪ್ರಭುಗಳು ನೂರು ಕಾಲ ಬಾಳಲಿ ಅಂತ ದಿನಾ ಬೆಳಗ್ಗೆ ಕೂಗೋರು ಇವರೇ. ಚಕ್ರವರ್ತಿಯ ಮಗ ಯುವರಾಜನಂತೂ ನಗಾರಿ ನಿಲ್ಲೋಕೆ ಮುಂಚೆ ಹಳದಿ ಅಂಗಿ ತೊಟ್ಟು ಬಂದು ಸಿಂಹಾಸನದ ಮೇಲೆ ಕೂತಿದ್ದ. ಅಂಗಿ ಅವನ ಮೈಗೆ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ, ಅಳತೆ ಕೊಟ್ಟು ಬಹಳ ದಿನ ಆಗಿರಬೇಕು.

ಹಾಗಾದರೆ ಚಕ್ರವರ್ತಿ ಎಲ್ಲಿದ್ದ? ಸ್ನಾನ ಮಾಡ್ತಿದ್ದ. ತಲೆ ಮೇಲೆ ನೀರು ಹುಯ್ಕೊಳ್ಳುವಾಗ ನಗಾರಿ ಕೇಳಿಸ್ತು. ಯಾರೋ ದೊಡ್ಡವರು ಹೋದರು ಅಂತ ಗಾಬರಿಯಿಂದ ಒಳಗಿನ ಬಿಳಿ ಅಂಗಿ ಹಾಕ್ಕೊಂಡು, ಬರಿಗಾಲಲ್ಲಿ, ಒದ್ದೆ ತಲೇಲಿ ಓಡಿ ಬಂದ. ಬಾಗಿಲವನು ತಡೆದ. ನಾನು ಚಕ್ರವರ್ತಿ ಅಂದ ಇವನು. ಬಾಗಿಲವನು ಅವನ ಅಂಗಿ ನೋಡಿದ, ಬಿಳಿ. ಚಕ್ರವರ್ತಿ ಆಗಲೇ ಒಳಗೆ ಹೋದರು, ಹಳದಿಯನ್ನ ನಾನೇ ಕಣ್ಣಾರೆ ನೋಡಿದೆ, ನೀನು ಹೋಗಿ ಕಡೇ ಸಾಲಲ್ಲಿ ನಿಂತ್ಕೊಂಡು ಅಳು ಅಂತ ಗದರಿಸಿದ.

ಕಡೇ ಸಾಲಿನ ಹಿಂದೆ ಒಂದು ಕಂಬ. ಕಂಬದ ಬುಡದಲ್ಲಿ ನಮ್ಮ ಸುಯಿನ್. ಈ ಗದ್ದಲದಲ್ಲಿ ಅವಳನ್ನ ಒಪ್ಪಿಸೋಕೆ ಮಾವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ, ಹಗ್ಗವನ್ನ ಕಂಬಕ್ಕೆ ಸುತ್ತಿ ತಾನೂ ಅಳೋಕೆ ಹೋಗಿದ್ದ. ತನ್ನ ಅಂಗಿಯಿಂದಲೇ ಇಷ್ಟೆಲ್ಲ ಆಯ್ತು ಅಂತ ಅವನಿಗೆ ಹೊಳೆದೇ ಇರಲಿಲ್ಲ. ಸುಯಿನ್ ನೋಡ್ತಾಳೆ, ಪಕ್ಕದಲ್ಲಿ ಒಬ್ಬ ಮುದುಕ ತಲೆಯಿಂದ ನೀರು ತೊಟ್ಟಿಕ್ಕಿಸ್ಕೊಂಡು ಬಿಕ್ಕಿ ಬಿಕ್ಕಿ ಅಳ್ತಿದ್ದಾನೆ. ಅಷ್ಟು ಜನರಲ್ಲಿ ನಿಜವಾಗಿ ಕಣ್ಣೀರು ಹಾಕ್ತಿದ್ದೋನು ಅವನೊಬ್ಬನೇ. ಅವಳಿಗೆ ಪಾಪ ಅನ್ನಿಸ್ತು.

"ತಾತ, ಇಷ್ಟೊಂದು ಅಳ್ತಿದ್ದೀರಲ್ಲ, ಸತ್ತವರು ನಿಮಗೇನಾಗಬೇಕು?" ಅಂದಳು.

ಮುದುಕ ಮೂಗು ಒರೆಸ್ಕೊಂಡ. "ಅದು ನಾನೇ ಕಣಮ್ಮ" ಅಂದ.

"ನೀವು ಇಲ್ಲೇ ನಿಂತಿದ್ದೀರಲ್ಲ."

"ನನಗೂ ಹಾಗೇ ಅನ್ನಿಸ್ತಿದೆ. ಆದರೆ ಇಷ್ಟು ಜನ ಓದಿದೋರು ಹೇಳ್ತಿದ್ದಾರಲ್ಲ, ಸುಳ್ಳಿರುತ್ತಾ?"

ನಗಬೇಡಿ. ನಿಮ್ಮನ್ನೂ ನಾಲ್ಕು ಜನ ಸೇರಿ ಸತ್ತೆ ಅಂದರೆ ಒಂದು ಸಲ ಮೂಗಿನ ಹತ್ತಿರ ಕೈ ಇಟ್ಟು ನೋಡ್ಕೊಳ್ತೀರಿ. ಸುಯಿನ್ ಮಾತ್ರ ಅವನ ಮುಖವನ್ನ ದಿಟ್ಟಿಸಿ ನೋಡಿದಳು. ಮುಖ ನೋಡಿ ಅಭ್ಯಾಸ ಇದ್ದೋಳು, ಸುಳ್ಳಾಡೋ ಮುಖ ಅಲ್ಲ ಅಂತ ತಿಳೀತು. ಅವಳು ಹೇಳಿದಳು, ಆ ಹಳದಿ ಅಂಗಿ ನಿಮ್ಮ ಮೈಮೇಲೆ ಬರೋ ಹಾಗೆ ನಾನು ಮಾಡ್ತೀನಿ, ನನ್ನ ಕೈ ಕಡಿಸಲ್ಲ ಅಂತ ಮಾತು ಕೊಡಿ, ನಾನು ಬಸುರಿ ಅಂತ. ಮುದುಕ ಬಗ್ಗಿ ನೆಲ ಮುಟ್ಟಿ ಆಣೆ ಇಟ್ಟ. ನಿನ್ನ ಕೈಗೆ ಗೀರೂ ಬೀಳಲ್ಲ ಮಗಳೇ ಅಂದ. ಮಗಳೇ ಅಂದ, ನೆನಪಿಟ್ಕೊಳ್ಳಿ.

ಸುಯಿನ್ ಕಂಬದ ಹತ್ತಿರದಿಂದಲೇ ಗಟ್ಟಿಯಾಗಿ ಕೇಳಿದಳು, "ಯುವರಾಜರೇ, ನಮ್ಮ ಹಳ್ಳೀಲಿ ಅಪ್ಪ ಸತ್ತರೆ ಮಗ ಬಿಳಿ ಉಡ್ತಾನೆ. ಇಲ್ಲಿ ಹಳದಿ ಉಡೋದಾ?"

ಅಳು ಗಕ್ಕನೆ ನಿಂತಿತು. ಒಬ್ಬರ ಅಂಗಿ ಒಬ್ಬರು ನೋಡಿದ್ರು. ಅಪ್ಪನ ಸಾವಿಗೆ ಬಿಳಿ ತೊಡದ ಮಗನಿಗೆ ಆ ದೇಶದಲ್ಲಿ ಏನು ಶಿಕ್ಷೆ? ಅದಕ್ಕೂ ಕುತ್ತಿಗೆಯೇ. ಯುವರಾಜನ ಮುಖ ಬಾಡಿತು. ಹಳದಿ ತೆಗೆದರೆ ಚಕ್ರವರ್ತಿ ಅಲ್ಲ, ತೆಗೆಯದಿದ್ದರೆ ಮಗ ಅಲ್ಲ. ಪಂಡಿತರು ಗುಸುಗುಸು ಮಾತಾಡಿಕೊಂಡರು. ಕೊನೆಗೆ ಒಬ್ಬ ಹೇಳಿದ, ಒಂದೇ ಒಂದು ಗಳಿಗೆ ಬಿಳಿ ತೊಟ್ಟು, ಎರಡು ಸಲ ಬಿಕ್ಕಿ, ಮತ್ತೆ ಹಳದಿ ತೊಟ್ಟರೆ ಶಾಸ್ತ್ರವೂ ಆಯ್ತು, ರಾಜ್ಯವೂ ಉಳೀತು. ಯುವರಾಜ ಹಳದಿ ಬಿಚ್ಚಿ ಸಿಂಹಾಸನದ ತೋಳಿನ ಮೇಲೆ ಹಾಕಿದ. ಬಿಳಿ ಅಂಗಿಯೊಳಗೆ ತಲೆ ತೂರಿಸಿದ. ತಲೆ ಇನ್ನೂ ಆಚೆ ಬಂದಿರಲಿಲ್ಲ, ಸುಯಿನ್ ಮುದುಕನನ್ನ ಈಗ ಹೋಗಿ ಅಂತ ತಳ್ಳಿದಳು. ಮುದುಕ ಸಾಲು ದಾಟಿ ಓಡಿ ಹೋಗಿ ಹಳದಿ ಮೈಮೇಲೆ ಹಾಕ್ಕೊಂಡು ಕೂತುಬಿಟ್ಟ. ಅಷ್ಟೇ. ಅಷ್ಟೂ ಜನ ದಬದಬ ನೆಲಕ್ಕೆ ಬಿದ್ದು, ಪ್ರಭುಗಳು ನೂರು ಕಾಲ ಬಾಳಲಿ ಅಂದ್ರು. ಎಲ್ಲರಿಗಿಂತ ಮೊದಲು ಬಿದ್ದೋನು ಯುವರಾಜ.

ಇಲ್ಲಿಗೆ ಕಥೆ ಮುಗೀಬೇಕಿತ್ತು. ಒಳ್ಳೇ ರಾಜನಾಗಿದ್ದರೆ ಮುಗೀತಿತ್ತು.

ಫಂಗ್‌ಗೆ ಈಗ ಪುರುಸೊತ್ತಾಯ್ತು. ಸೊಸೆಯನ್ನ ಕಂಬದಿಂದ ಬಿಚ್ಚಿ ಎಳಕೊಂಡು ಬಂದು ಸಿಂಹಾಸನದ ಮುಂದೆ ನಿಲ್ಲಿಸಿದ. ಪ್ರಭು, ನನ್ನ ನೇರಳೆ ಅಂಗಿ ಕೆಡಿಸಿದ ಪಾಪಿ ಇವಳೇ, ನನ್ನ ಸಾಲು ನನಗೆ ಕೊಡಿಸಿ ಅಂದ. ಚಕ್ರವರ್ತಿ ಶಾಸ್ತ್ರ ಏನು ಹೇಳುತ್ತೆ ಅಂತ ಕೇಳಿದ. ಎರಡೂ ಕೈ ಅಂದ್ರು. ಹಾಗಾದರೆ ಕಡಿಯಿರಿ ಅಂದ.

ಸುಯಿನ್ ತಲೆ ಎತ್ತಿ ಅವನ ಮುಖ ನೋಡಿದಳು. "ಈಗ ತಾನೇ ನೆಲ ಮುಟ್ಟಿ ಮಾತು ಕೊಟ್ಟಿದ್ರಿ" ಅಂದಳು.

"ಮಾತು ಕೊಟ್ಟೋನು ಬಿಳಿ ಅಂಗಿಯ ಮುದುಕ," ಅಂದ ಚಕ್ರವರ್ತಿ. "ಹಳದಿ ಯಾರಿಗೂ ಮಾತು ಕೊಟ್ಟಿಲ್ಲ."

ಕೇಳಿದ್ರಾ? ತಲೆ ಇನ್ನೂ ಒಣಗಿರಲಿಲ್ಲ ಕಣ್ರೀ ಅವನಿಗೆ. ನನಗೆ ಈ ಮಾತು ಹೇಳುವಾಗಲೆಲ್ಲ ಮೈ ಉರಿಯುತ್ತೆ. ಮಂತ್ರಿಗಳೆಲ್ಲ ಆಹಾ ಎಂಥಾ ನ್ಯಾಯ, ಎಂಥಾ ಸೂಕ್ಷ್ಮ ಅಂತ ತಲೆದೂಗಿದ್ರಂತೆ.

ಚಕ್ರವರ್ತಿ ಕೊಡಲಿಯವನೇ ಬಾ ಅಂತ ಕರೆದ. ಯಾರೂ ಬರಲಿಲ್ಲ. ಮತ್ತೆ ಕರೆದ. ಯಾರೂ ಬರಲಿಲ್ಲ. ಮೂರನೇ ಸಲ ಕೂಗಿದ. ಎಲ್ಲರೂ ಸುತ್ತ ಮುತ್ತ ನೋಡಿದ್ರು. ಎಲ್ಲರದೂ ಬಿಳಿ. ಕೊಡಲಿಯವನ ಮುಖ ಯಾರು ಕಂಡಿದ್ದಾರೆ? ಅವನ ಕಪ್ಪು ಅಂಗಿಯನ್ನಷ್ಟೇ ಕಂಡಿದ್ದು. ಅವನು ಮಂತ್ರಿಗಳ ನಡುವೆ ನಿಂತಿದ್ದ. ಹುಟ್ಟಿದ ಮೇಲೆ ಮೊದಲನೇ ಸಲ ಜನ ಅವನಿಂದ ದೂರ ಸರಿದಿರಲಿಲ್ಲ. ಪಕ್ಕದ ಮಂತ್ರಿ ಅವನ ಹೆಗಲ ಮೇಲೆ ಕೈ ಹಾಕಿ, ಮನೇಲಿ ಮಕ್ಕಳು ಚೆನ್ನಾಗಿದ್ದಾರಾ ಅಂತ ವಿಚಾರಿಸಿದ್ದ. ಅಂಥಾ ಜಾಗ ಬಿಟ್ಟು ಅವನು ಯಾಕೆ ಬರ್ತಾನೆ? ನೀವಾದರೂ ಬರ್ತಿದ್ರಾ?

ಚಕ್ರವರ್ತಿ ರೇಗಿದ. ನಾನು ಬದುಕಿದ್ದೀನಿ, ಈ ಬಿಳಿ ಯಾಕೆ, ಎಲ್ಲರೂ ಹೋಗಿ ನಿಮ್ಮ ನಿಮ್ಮ ಬಣ್ಣ ತೊಟ್ಟು ಬನ್ನಿ, ಕಡೆಗೆ ಬಿಳಿಯಲ್ಲಿ ಉಳಿದವನ ತಲೆ ತೆಗೆಸ್ತೀನಿ ಅಂದ. ಎದ್ದರು, ಬಿದ್ದರು, ಬಟ್ಟೆ ಕೋಣೆಗೆ ಓಡಿದರು. ಗೂಟಗಳ ತುಂಬ ಅಂಗಿ. ಈಗ ಹೇಳಿ, ಕೈಗೆ ನೇರಳೆ ಸಿಗ್ತಿರುವಾಗ ಹಸಿರನ್ನ ಯಾರು ತೊಡ್ತಾರೆ? ಅಡುಗೆಯವನು ನೇರಳೆಗೆ ಕೈ ಹಾಕಿದ. ಕುದುರೆ ಲಾಯದವನು ನೇರಳೆಗೆ ಕೈ ಹಾಕಿದ. ಕೊಡಲಿಯವನು ಆಜಾನುಬಾಹು, ಎಲ್ಲರನ್ನೂ ಪಕ್ಕಕ್ಕೆ ಸರಿಸಿ ಎಲ್ಲಕ್ಕಿಂತ ಒಳ್ಳೇ ನೇರಳೆಯನ್ನೇ ತೊಟ್ಟ. ಮಂತ್ರಿಗಳು ಹೊಟ್ಟೆ ಹೊತ್ತುಕೊಂಡು ಓಡೋ ಹೊತ್ತಿಗೆ ಕೆಂಪು, ಹಸಿರು, ನೀಲಿ ಉಳಿದಿತ್ತು. ಅದನ್ನೇ ಬಾಚಿಕೊಂಡರು. ಎಲ್ಲರಿಗಿಂತ ಹಿಂದೆ ಬಂದೋನು ಫಂಗ್. ಅವನದು ಅಂತ ಅಲ್ಲಿ ಅಂಗಿಯೇ ಇರಲಿಲ್ಲ, ಅದು ಬಿಳಿಯಾಗಿ ಅವನ ಮೈಮೇಲೇ ಇತ್ತಲ್ಲ. ಗೂಟದಲ್ಲಿ ಉಳಿದಿದ್ದು ಒಂದೇ ಒಂದು. ಕಪ್ಪು.

ಬಿಳಿಯಲ್ಲಿ ಉಳಿದರೆ ತಲೆ ಹೋಗುತ್ತೆ. ಕಪ್ಪು ತೊಟ್ಟು ಬಂದ.

ಬರ್ತಿದ್ದ ಹಾಗೇ ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಯಾರೋ ಅವನ ಕೈಗೆ ಕೊಡಲಿ ಇಟ್ಟರು. ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ, ಕಡಿ ಈ ಹುಡುಗಿಯ ಕೈ ಅಂದ ಚಕ್ರವರ್ತಿ. ಪ್ರಭು, ನಾನು ಫಂಗ್, ನಿಮ್ಮ ಮಂತ್ರಿ ಅಂದ ಇವನು. ಸಭೆಗೆ ಸಭೆಯೇ ನಕ್ಕಿತು.

ಮಂಡಿಯೂರಿಸಿದ್ರು ಸುಯಿನ್‌ನ. ಹಗ್ಗ ಕಟ್ಟಿದ ಕೈ ಎರಡನ್ನೂ ಕೊರಡಿನ ಮೇಲೆ ಇಡಿಸಿದ್ರು. ಫಂಗ್ ಕೊಡಲಿ ಎತ್ತಿದ. ಹೌದು, ಎತ್ತಿದ. ಸೊಸೆ ಅಂತ ನೋಡಲಿಲ್ಲ, ಬಸುರಿ ಅಂತ ನೋಡಲಿಲ್ಲ, ಮೊಮ್ಮಗು ಅಂತಲೂ ನೋಡಲಿಲ್ಲ. ಬೇಗ ಮುಗಿಸಿದರೆ ಆಮೇಲೆ ನನ್ನ ಮಾತು ಕೇಳ್ತಾರೇನೋ ಅಂತ ಎತ್ತಿದ.

ಆಗ ಸುಯಿನ್ ಮೆತ್ತಗೆ, ಅವನಿಗೊಬ್ಬನಿಗೇ ಕೇಳೋ ಹಾಗೆ ಹೇಳಿದಳು, "ಮಾವಾ, ಈ ಒಂದು ಏಟು ಹಾಕಿ, ಆಮೇಲೆ ನೀವು ಕೊಡಲಿಯವರೇ. ನಿಮ್ಮ ಮಗನೂ ಕಪ್ಪು, ನನ್ನ ಹೊಟ್ಟೇಲಿರೋದೂ ಕಪ್ಪು. ನೇರಳೆ ಸಾಲಿಗೆ ನಿಮ್ಮನ್ನ ಇನ್ನು ಯಾವ ಜನ್ಮಕ್ಕೆ ಸೇರಿಸ್ಕೊಳ್ತಾರೆ?"

ಕೊಡಲಿ ಮೇಲೇ ನಿಂತಿತು. ಅವನ ಮನಸ್ಸಲ್ಲಿ ಏನು ಓಡಿತು ಅಂತೀರಿ? ಕರುಣೆ ಅಂದ್ಕೊಂಡ್ರಾ? ಅಂದ್ಕೊಂಡಿದ್ದರೆ ನೀವು ಇಷ್ಟು ಹೊತ್ತು ನಿದ್ದೆ ಮಾಡ್ತಿದ್ರಿ. ಕಡಿದರೆ ತಾನು ಕೊಡಲಿಯವನು. ಕಡಿಯದಿದ್ದರೆ, ನೋಡಿ, ಇವನು ಕೊಡಲಿಯವನಲ್ಲ, ಮಂತ್ರಿಯೇ ಇರಬೇಕು ಅಂತಾರೆ. ಇಷ್ಟೇ ಓಡಿದ್ದು. ಕೊಡಲಿಯನ್ನ ಕೆಳಗೆ ಹಾಕಿದ. ನನಗೆ ಕಡಿಯೋಕೆ ಬರಲ್ಲ ಪ್ರಭು, ನಾನು ಮಂತ್ರಿ, ನನಗೆ ಏನೂ ಮಾಡೋಕೆ ಬರಲ್ಲ ಅಂದ. ಆ ಜೀವಮಾನದಲ್ಲಿ ಅವನು ಆಡಿದ ನಿಜ ಅದೊಂದೇ.

ಚಕ್ರವರ್ತಿ ನೇರಳೆ ಸಾಲಿನ ಕಡೆ ಬೆರಳು ತೋರಿಸಿ, ನೀನು ಬಂದು ಕಡಿ ಅಂದ. ಅಡುಗೆಯವನು ಹಿಂದೆ ಸರಿದು, ನನ್ನದು ನೇರಳೆ, ಕೊಡಲಿ ಮುಟ್ಟಬಾರದು ಪ್ರಭು ಅಂದ. ಲಾಯದವನೂ ಅದನ್ನೇ ಅಂದ. ಮೂರನೇ ಸಲ ಬೆರಳು ಹೋಗಿ ನಿಂತಿದ್ದು ಸಾಕ್ಷಾತ್ ಆ ಕೊಡಲಿಯವನ ಮೇಲೇ. ಅವನು ಮೆಲ್ಲಗೆ ಅಂಗಿಯ ತೋಳು ಸರಿಮಾಡಿಕೊಂಡ. ನನ್ನದೂ ನೇರಳೆ ಪ್ರಭು, ಅಲ್ಲದೆ ಹರಿತವಾದದ್ದು ಕಂಡರೆ ನನಗೆ ತಲೆ ಸುತ್ತುತ್ತೆ ಅಂದ. ಎಂಥಾ ಕೋಮಲ ಹೃದಯ ಅಂತ ಪಕ್ಕದವರು ಮೆಚ್ಚಿಕೊಂಡ್ರಂತೆ. ಹೀಗೇ ಸಾಲು ಸಾಲು ಕೇಳಿದ್ರು. ಒಮ್ಮೆ ಕೊಡಲಿ ಬೀಸಿದರೆ ವಂಶಕ್ಕೆಲ್ಲ ಕಪ್ಪು, ಯಾರು ಮುಂದೆ ಬರ್ತಾರೆ? ಕಡಿಯಿರಿ ಅನ್ನೋಕೆ ನೂರು ಬಾಯಿ ಇತ್ತು, ಕಡಿಯೋಕೆ ಒಂದು ಕೈ ಇರಲಿಲ್ಲ.

ಚಕ್ರವರ್ತಿ ಸಿಂಹಾಸನದ ಮೇಲೆ ಕೂತು ಆ ಕಡೆ ನೋಡಿದ, ಈ ಕಡೆ ನೋಡಿದ. ಯಾರು ಯಾರು ಅಂತ ಅವನಿಗೆ ಗೊತ್ತೇ ಆಗಲಿಲ್ಲ. ಅಷ್ಟು ವರ್ಷ ಆಳಿದೋನಿಗೆ ಅಲ್ಲಿದ್ದ ಒಂದು ಮುಖದ ಗುರುತೂ ಇರಲಿಲ್ಲ.

ಸುಯಿನ್ ಎದ್ದಳು. ಬಿದ್ದಿದ್ದ ಕೊಡಲಿಯ ಬಾಯಿಗೆ ಹಗ್ಗ ಉಜ್ಜಿ ಹರಿದುಕೊಂಡಳು. ಮಣಿಕಟ್ಟು ತಿಕ್ಕಿಕೊಂಡಳು. ಮಾವ ದೈನ್ಯದಿಂದ ಅವಳ ಕಡೆ ನೋಡಿ, ನಾನು ಫಂಗ್ ಅಂತ ನೀನಾದರೂ ಇವರಿಗೆ ಹೇಳಮ್ಮ, ನೀನು ನನ್ನ ಮುಖ ಬಲ್ಲೆ ಅಂದ. ಅಮ್ಮ ಅಂದನಂತೆ ಈಗ. ಅವಳು ಅವನ ಮುಖವನ್ನ ಚೆನ್ನಾಗಿ ನೋಡಿದಳು. ಸಭೆಯ ಕಡೆ ತಿರುಗಿದಳು.

"ಇವರು ಯಾರೋ ನನಗೆ ಗೊತ್ತಿಲ್ಲ" ಅಂದಳು.

ಅಂದು, ಬಾಗಿಲು ದಾಟಿ ಹೋದಳು. ಯಾರೂ ತಡೆಯಲಿಲ್ಲ, ತಡೆಯೋ ಬಾಗಿಲವನೂ ಒಳಗೆ ನೇರಳೆ ತೊಟ್ಟು ನಿಂತಿದ್ದ. ಸೀದಾ ತವರಿನ ಹೊಳೆ ದಂಡೆಗೆ ಹೋದಳು. ಅಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು. ಎರಡೂ ಕೈಯಲ್ಲಿ ಎತ್ತಿ ಎದೆಗೆ ಹಾಕ್ಕೊಂಡಳು.

ಅವಳು ಅಲ್ಲಿ, ಅವರು ಅಲ್ಲಿ, ನಾವು ಇಲ್ಲಿ. ಹೂಂ ಅಂದೋರಿಗೆ ಬೆಲ್ಲದ ಚೂರು, ತೂಕಡಿಸಿದೋರಿಗೆ ಗೋಡೆಯ ಸುಣ್ಣ. ಏಳಿ ಏಳಿ, ಹೋಗುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗಿ.